ಫಿಲ್ಟರ್ ಇಲ್ಲದ ಕಾಲದಲ್ಲಿ ಸಮುದ್ರ ಸಾಕಿದವನು

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡ್ತೀನಿ ಅಂತ ಗೊತ್ತಿರೋರ ಹತ್ತಿರ ಹೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಬೇಡ ಅಂತಾರೆ. ಹತ್ತನೆಯವರು ಒಂದು ಉದ್ದದ ಪಟ್ಟಿ ಕೊಡ್ತಾರೆ. ಪಂಪು, ಪ್ರೋಟೀನ್ ಸ್ಕಿಮ್ಮರ್, ಟ್ಯಾಂಕಿನ ಕೆಳಗೆ ಇನ್ನೊಂದು ಟ್ಯಾಂಕು (ಇದಕ್ಕೂ ಸಂಪ್ ಅಂತಲೇ ಹೆಸರು), ಆರ್‌ಓ ನೀರು, ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು, ಅಮೋನಿಯಾ ನೋಡೋಕೆ ಒಂದು ಕಿಟ್, ನೈಟ್ರೈಟ್ ನೋಡೋಕೆ ಇನ್ನೊಂದು. ಟ್ಯಾಂಕ್ ಚಿಕ್ಕದಾದರೆ ಕೆಲಸ ಸುಲಭ ಅಂದುಕೊಂಡರೆ ಅದೂ ತಪ್ಪು. 200 ಲೀಟರ್ ನೀರಿನಲ್ಲಿ ಒಂದು ಸಿಗಡಿ ಸತ್ತರೆ ಯಾರಿಗೂ ಗೊತ್ತಾಗದೆ ಹೋಗಬಹುದು. 20 ಲೀಟರಿನಲ್ಲಿ ಸತ್ತರೆ ಬೆಳಗಾಗುವಷ್ಟರಲ್ಲಿ ಉಳಿದವೂ ಅದರ ಹಿಂದೆ ಹೋಗಿರುತ್ತವೆ.

ಈಗ ಈ ಪಟ್ಟಿಯಿಂದ ಕರೆಂಟನ್ನು ತೆಗೆದುಬಿಡಿ. ಪಂಪಿಲ್ಲ, ಕಿಟ್ ಇಲ್ಲ, ಅಂಗಡಿಯಲ್ಲಿ ಸಿಗೋ ಉಪ್ಪಿನ ಪ್ಯಾಕೆಟ್ ಇಲ್ಲ. ನೀರು ಯಾಕೆ ಕೆಡುತ್ತೆ ಅನ್ನೋದೇ ಜಗತ್ತಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಗಾಜಿನ ಜಾಡಿಯೊಳಗೆ ಸಮುದ್ರವನ್ನು ಜೀವಂತ ಇಟ್ಟು, ಅದನ್ನು ಇಡೀ ಇಂಗ್ಲೆಂಡಿಗೆ ಕಲಿಸಿದವನು ಫಿಲಿಪ್ ಹೆನ್ರಿ ಗಾಸ್. ಅಕ್ವೇರಿಯಂ ಅನ್ನೋ ಮಾತು ಇವತ್ತಿನ ಅರ್ಥದಲ್ಲಿ ಜನರ ಬಾಯಿಗೆ ಬಂದಿದ್ದೂ ಇವನಿಂದಲೇ.

ಹುಟ್ಟಿದ್ದು 1810ರ ಏಪ್ರಿಲ್ 6ರಂದು, ಇಂಗ್ಲೆಂಡಿನ ವೂಸ್ಟರ್‌ನಲ್ಲಿ. ಅಪ್ಪ ಊರೂರು ಅಲೆದು ಜನರ ಪುಟ್ಟ ಪುಟ್ಟ ಭಾವಚಿತ್ರ ಬರೆದುಕೊಡುತ್ತಿದ್ದ ಕಲಾವಿದ. ದುಡ್ಡಿಗೆ ಯಾವಾಗಲೂ ತಾಪತ್ರಯ. ಹುಡುಗ ಬೆಳೆದಿದ್ದು ಪೂಲ್ ಅನ್ನೋ ಬಂದರು ಪಟ್ಟಣದಲ್ಲಿ. ಅಲ್ಲಿ ಅವನ ಸೋದರತ್ತೆ ಸೂಸನ್ ಬೆಲ್‌ಗೆ ಪ್ರಾಣಿ ಪಕ್ಷಿಗಳ ಹುಚ್ಚು. ಬಂಡೆಗೆ ಅಂಟಿಕೊಂಡು ಹೂವಿನ ಥರ ಅರಳೋ ಸೀ ಅನಿಮೋನಿಗಳನ್ನು ತೋರಿಸಿಕೊಟ್ಟವಳು, ಅವನ್ನು ಸಮುದ್ರದ ನೀರು ತುಂಬಿದ ಪಾತ್ರೆಯಲ್ಲಿ ಇಟ್ಟು ನೋಡು ಅಂದವಳು ಅವಳೇ. ಮುಂದಿನ ಕಥೆಯೆಲ್ಲ ಆ ಪಾತ್ರೆಯಿಂದಲೇ ಶುರು ಅನ್ನಬಹುದು. ಆದರೆ ಅದಕ್ಕೆ ಇನ್ನೂ ಮೂವತ್ತು ವರ್ಷ ಇತ್ತು.

ಹದಿನೇಳನೇ ವಯಸ್ಸಿಗೆ, 1827ರಲ್ಲಿ, ಹೊಟ್ಟೆಪಾಡಿಗಾಗಿ ಹಡಗು ಹತ್ತಿದ. ನ್ಯೂಫೌಂಡ್‌ಲ್ಯಾಂಡಿನ ಕಾರ್ಬೋನಿಯರ್ ಅನ್ನೋ ಊರಿನ ವ್ಯಾಪಾರಿ ಕಚೇರಿಯಲ್ಲಿ ಗುಮಾಸ್ತಗಿರಿ. ಲೆಕ್ಕ ಬರೆಯೋದು, ಮತ್ತೆ ಲೆಕ್ಕ ಬರೆಯೋದು. 1832ರಲ್ಲಿ ಮೈಕ್ರೋಸ್ಕೋಪಿನ ಬಗ್ಗೆ ಒಂದು ಹಳೇ ಪುಸ್ತಕ ಕೊಂಡುಕೊಂಡ. ಅಲ್ಲಿಂದ ಕೀಟ ಸಂಗ್ರಹ ಶುರುವಾಯಿತು. ಅದೇ ವರ್ಷ ಅವನನ್ನು ಇನ್ನೊಂದು ವಿಷಯವೂ ಹಿಡಿಯಿತು: ದೈವಭಕ್ತಿ, ಅದೂ ಬೈಬಲಿನ ಅಕ್ಷರ ಅಕ್ಷರವೂ ಸತ್ಯ ಅನ್ನೋ ಬಗೆಯದು. ಈ ಎರಡನ್ನೂ ಅವನು ಸಾಯುವವರೆಗೂ ಬಿಡಲಿಲ್ಲ. ನಡುವೆ ಕೆನಡಾದಲ್ಲಿ ಬೇಸಾಯ ಮಾಡಿ ಸೋತ. ಅಮೆರಿಕದ ಅಲಬಾಮಾದಲ್ಲಿ ಮೇಷ್ಟರಾದ. 1839ರಲ್ಲಿ ಹೆಚ್ಚುಕಡಿಮೆ ಬರಿಗೈಯಲ್ಲಿ ಊರಿಗೆ ವಾಪಸು ಬಂದ. ಕೆನಡಾದ ಟಿಪ್ಪಣಿಗಳಿಂದ ಒಂದು ಪುಸ್ತಕ ಬಂತು. 1844ರಲ್ಲಿ ಜಮೈಕಾಕ್ಕೆ ಹೋಗಿ ಒಂದೂವರೆ ವರ್ಷ ಹಕ್ಕಿ ನೋಡಿದ್ದರಿಂದ ಇನ್ನಷ್ಟು ಪುಸ್ತಕ ಬಂತು. 1848ರಲ್ಲಿ ಎಮಿಲಿ ಬೋಸ್ ಜೊತೆ ಮದುವೆ, ಮರುವರ್ಷ ಮಗ ಎಡ್ಮಂಡ್. ಮಗ ಹುಟ್ಟಿದ ದಿನದ ಡೈರಿಯಲ್ಲಿ ಆ ಸುದ್ದಿಯ ಪಕ್ಕದಲ್ಲೇ ಜಮೈಕಾದಿಂದ ಬಂದ ಒಂದು ಹಕ್ಕಿಯ ಸುದ್ದಿಯನ್ನೂ ಬರೆದಿಟ್ಟಿದ್ದಾನೆ! ಇಂಥ ಅಪ್ಪನ ಬಗ್ಗೆ ಮಗ ಮುಂದೆ ಪುಸ್ತಕ ಬರೆಯದೆ ಇರುತ್ತಾನಾ?

ಬರೆದು ಬರೆದು, ಮೈಕ್ರೋಸ್ಕೋಪ್ ನೋಡಿ ನೋಡಿ 1852ರ ಹೊತ್ತಿಗೆ ಗಾಸ್‌ನ ಆರೋಗ್ಯ ಕೈಕೊಟ್ಟಿತು. ಬಿಡದ ತಲೆನೋವು. ಗಾಳಿ ಬದಲಾಗಲಿ ಅಂತ ಹೆಂಡತಿ ಮಗನ ಜೊತೆ ಲಂಡನ್ ಬಿಟ್ಟು ಡೆವನ್ ಕರಾವಳಿಗೆ ಬಂದ. ರೆಸ್ಟ್ ತಗೊಳ್ಳೋಕೆ ಬಂದವನು ಸುಮ್ಮನಿದ್ದನಾ ಅಂದರೆ ಇಲ್ಲ. ಸುತ್ತಿಗೆ, ಉಳಿ, ಜಾಡಿ ಹಿಡಿದುಕೊಂಡು ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ನೀರಿನ ಹೊಂಡಗಳಿಗೆ ಇಳಿದುಬಿಟ್ಟ.

ಸಮುದ್ರದ ಪ್ರಾಣಿಯನ್ನು ಪಾತ್ರೆಯಲ್ಲಿ ಇಟ್ಟವರಲ್ಲಿ ಇವನೇ ಮೊದಲಿಗನಲ್ಲ, ಅದನ್ನು ಇಲ್ಲೇ ಹೇಳಿಬಿಡಬೇಕು. ಜ್ಯಾನ್ ವಿಲ್‌ಪ್ರೂ-ಪವರ್ ಅನ್ನೋ ಫ್ರೆಂಚ್ ಹೆಣ್ಣುಮಗಳು 1830ರ ದಶಕದಲ್ಲೇ ಸಿಸಿಲಿಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಆರ್ಗೊನಾಟ್ ಅನ್ನೋ ಆಕ್ಟೋಪಸ್ ಜಾತಿಯ ಪ್ರಾಣಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತೆ ಅಂತ ಸಾಬೀತು ಮಾಡಿದ್ದಳು. ಲಂಡನ್ನಿನ ಆನಾ ಥಿನ್ 1846ರಲ್ಲಿ ಟಾರ್ಕೀ ತೀರದಿಂದ ಹವಳದ ಜೀವಿಗಳನ್ನು ಮನೆಗೆ ತಂದಳು. ಆಮೇಲೆ ಅವಳು ಮಾಡಿದ್ದು ಕೇಳಿ. ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ, ನಾವು ಕಾಫಿ ಆರಿಸೋ ಹಾಗೆ ದಿನಾ ಅರ್ಧ ಮುಕ್ಕಾಲು ಗಂಟೆ ಹುಯ್ಯೋದು. ಹುಯ್ಯುತ್ತಿದ್ದವಳು ಮನೆ ಕೆಲಸದವಳು ಅನ್ನಿ. ಇವತ್ತಿನ ಏರ್ ಪಂಪ್ ಮಾಡೋ ಕೆಲಸ ಅಷ್ಟೇ: ನೀರಿಗೆ ಗಾಳಿ ಸೇರಿಸೋದು. ಉಪ್ಪುನೀರಿನಲ್ಲಿ ಇದರ ಚಿಂತೆ ಇನ್ನೂ ಜಾಸ್ತಿ, ಯಾಕಂದರೆ 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿದುಕೊಂಡರೆ ಸಮುದ್ರದ ನೀರು 7 ಮಿಲಿಗ್ರಾಂ ಕೂಡ ಹಿಡಿಯೋದಿಲ್ಲ.

ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್, ಕೆಮಿಸ್ಟ್. ಅವನು 1849ರಲ್ಲಿ ಸಿಹಿನೀರಿನ ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ಜೊತೆಗೆ ನೀರಿನ ಗಿಡ ಹಾಕಿದ. ಮೀನು ಉಸಿರಾಡಿ ಬಿಟ್ಟಿದ್ದನ್ನು ಗಿಡ ತಗೊಳ್ಳುತ್ತೆ, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ತಗೊಳ್ಳುತ್ತೆ. ನೀರು ಬದಲಾಯಿಸೋ ಅಗತ್ಯವೇ ಇಲ್ಲ ಅನ್ನೋದು ಅವನ ಲೆಕ್ಕ. ಆದರೆ ಕೊಳೆತ ಎಲೆಗಳಿಂದ ನೀರು ಕಲಕಾಯಿತು. ಎಲೆ ತಿನ್ನೋ ಬಸವನಹುಳು ಬಿಟ್ಟ ಮೇಲೆ ಸರಿಹೋಯಿತು.

ಗಾಸ್ ಡೆವನ್‌ನಲ್ಲಿ ತನ್ನ ಪಾಡಿಗೆ ತಾನು ಇದನ್ನೇ ಉಪ್ಪುನೀರಿನಲ್ಲಿ ಮಾಡುತ್ತಿದ್ದ. ವಾರಿಂಗ್ಟನ್ ಕೂಡ ಅಷ್ಟರಲ್ಲಿ ಉಪ್ಪುನೀರಿಗೆ ಇಳಿದಿದ್ದ. ಯಾರು ಮೊದಲು ಅನ್ನೋ ಜಗಳಕ್ಕೆ ನಾವು ಹೋಗೋದು ಬೇಡ. ಗಾಸ್‌ನ ಹೆಚ್ಚುಗಾರಿಕೆ ಇದ್ದದ್ದು ಬೇರೆ ಕಡೆ: ಅವನಿಗೆ ಚಿಕ್ಕ ಚಿಕ್ಕ ತಪ್ಪುಗಳೆಲ್ಲ ಕಣ್ಣಿಗೆ ಬೀಳುತ್ತಿದ್ದವು, ಮತ್ತೆ ಅವನ್ನು ಅಡುಗೆ ಪುಸ್ತಕದ ಹಾಗೆ ಬಿಡಿಸಿ ಬರೆಯೋದು ಗೊತ್ತಿತ್ತು.

ಕಡಲಪಾಚಿಯನ್ನೇ ತಗೊಳ್ಳಿ. ಅದಕ್ಕೆ ಬೇರಿಲ್ಲ; ಬಂಡೆಗೆ ಅಂಟಿಕೊಂಡಿರುತ್ತೆ ಅಷ್ಟೇ. ಕೈಯಲ್ಲಿ ಕಿತ್ತು ತಂದು ಹಾಕಿದರೆ ಸತ್ತು ನೀರು ಕೆಡಿಸುತ್ತೆ. ಅದಕ್ಕೇ ಉಳಿ ಸುತ್ತಿಗೆ. ಪಾಚಿಯ ಜೊತೆ ಅದು ಕೂತ ಕಲ್ಲಿನ ಚಕ್ಕೆಯನ್ನೂ ಒಡೆದು ತರಬೇಕು. ತೀರದ ತುಂಬಾ ಸಿಗೋ ದೊಡ್ಡ ಕಂದು ಪಾಚಿ ಬೇಡ, ಲೋಳೆ ಬಿಟ್ಟು ನೀರು ಹಾಳುಮಾಡುತ್ತೆ. ಹಸಿರು ಮತ್ತು ಕೆಂಪು ಜಾತಿಯ ಚಿಕ್ಕವು ಒಳ್ಳೆಯದು. ಮೊದಲು ಪಾಚಿ ನೆಲೆಯಾಗಲಿ, ಪ್ರಾಣಿ ಆಮೇಲೆ. ಬಿಸಿಲು ನೇರ ಬಿದ್ದರೆ ನೀರು ಕಾಯುತ್ತೆ, ಗಾಜಿನ ಮೇಲೆ ಹಸಿರು ಕಟ್ಟುತ್ತೆ, ಪರದೆ ಹಾಕಿ. ಆದರೂ ಹಸಿರು ಕಟ್ಟಿದರೆ ಪೆರಿವಿಂಕಲ್ ಅನ್ನೋ ಕಡಲ ಬಸವನಹುಳು ಬಿಡಿ. ಅದು ಗಾಜಿನ ಮೇಲೆ ನಾಲಿಗೆ ಆಡಿಸುತ್ತಾ ಹೋಗೋದನ್ನು ಗಾಸ್ ಲೆನ್ಸ್ ಹಿಡಿದು ನೋಡಿದ್ದಾನೆ. ಹುಲ್ಲುಗಾವಲಿನಲ್ಲಿ ಕುಡುಗೋಲು ಬೀಸಿದವನ ಹಿಂದೆ ಪಟ್ಟೆ ಪಟ್ಟೆಯಾಗಿ ಜಾಗ ಬೋಳಾಗುತ್ತಲ್ಲ, ಗಾಜಿನ ಮೇಲೂ ಹಾಗೇ ಅಂತ ಕಂಡಿತಂತೆ ಅವನಿಗೆ. ಸತ್ತಿದ್ದು ಕಂಡ ತಕ್ಷಣ ತೆಗೆದುಹಾಕಿ. ಮೇಲಿಂದ ಒಂದು ಪಾತ್ರೆಯಿಂದ ನೀರು ತೊಟ್ಟಿಕ್ಕೋ ಹಾಗೆ ಮಾಡಿದರೆ ಗಾಳಿ ಸೇರುತ್ತೆ. ನೀರು ಆವಿಯಾದರೆ ಎಷ್ಟು ಇಳಿದಿದೆಯೋ ಅಷ್ಟು ಸಿಹಿನೀರನ್ನೇ ಹಾಕಿ, ಉಪ್ಪುನೀರನ್ನಲ್ಲ.

ಈ ಕೊನೆಯ ಮಾತು ಇವತ್ತಿಗೂ ಹೊಸಬರೆಲ್ಲ ಎಡವೋ ಜಾಗ. ಉಪ್ಪು ಆವಿಯಾಗಲ್ಲ, ನೀರು ಮಾತ್ರ ಹೋಗುತ್ತೆ. 20 ಲೀಟರಿನಲ್ಲಿ 700 ಗ್ರಾಂ ಉಪ್ಪಿದೆ ಅಂದುಕೊಳ್ಳಿ. 2 ಲೀಟರ್ ಆವಿಯಾದರೆ ಲೀಟರಿಗೆ 35 ಇದ್ದದ್ದು ಸುಮಾರು 39 ಗ್ರಾಂ ಆಯಿತು. ಅದರ ಮೇಲೆ ಮತ್ತೆ ಉಪ್ಪುನೀರು ಹಾಕುತ್ತಾ ಹೋದರೆ ಪ್ರಾಣಿಗಳ ಗತಿ ಏನು? ಗಾಸ್ ಕಾಲದಲ್ಲಿ ಇದನ್ನು ನೋಡೋಕೆ ಗಾಜಿನ ಪುಟ್ಟ ಗುಳ್ಳೆ ಸಿಗುತ್ತಿತ್ತು. 1.026 ಸಾಂದ್ರತೆಗೆ ಹೊಂದಿಸಿದ ಗುಳ್ಳೆ ನೀರಿನಲ್ಲಿ ಆಗಲೋ ಈಗಲೋ ಮುಳುಗುವಂತಿದ್ದರೆ ನೀರು ಸರಿ ಇದೆ ಅಂತ ಅರ್ಥ. ನಮ್ಮ ಲ್ಯಾಬಿನ ಹೈಡ್ರೋಮೀಟರಿನ ತಮ್ಮ ಅನ್ನಿ.

1853ರಲ್ಲಿ ಡೆವನ್ ಕರಾವಳಿಯ ಪುಸ್ತಕ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ಬಾಗಿಲು ತೆರೆಯಿತು. ಅದಕ್ಕೆ ವೇಮತ್ ತೀರದಿಂದ ಜೀವಿಗಳನ್ನು ಹಿಡಿದು ಕಳಿಸಿದವರಲ್ಲಿ ಗಾಸ್ ಕೂಡ ಒಬ್ಬ. 1854ರಲ್ಲಿ ‘ದಿ ಅಕ್ವೇರಿಯಂ’ ಪುಸ್ತಕ, ಅವನೇ ಬರೆದ ಬಣ್ಣದ ಚಿತ್ರಗಳ ಜೊತೆ. ಅಲ್ಲಿಯವರೆಗೆ ವೈವೇರಿಯಂ ಅಂತೆಲ್ಲ ಕರೆಯುತ್ತಿದ್ದದ್ದಕ್ಕೆ ಒಂದು ಚಿಕ್ಕ ಚೊಕ್ಕ ಹೆಸರು ಸಿಕ್ಕಿತು. 1855ರಲ್ಲಿ ಬರೀ ಮಾಡೋ ವಿಧಾನದ ಕೈಪಿಡಿ. ಗಾಜಿನ ಮೇಲಿನ ತೆರಿಗೆ 1845ರಲ್ಲೇ ಹೋಗಿತ್ತು, ರೈಲು ಬಂದಿತ್ತು. ಕರಾವಳಿಯಲ್ಲಿ ಹಿಡಿದ ಜೀವಿ ಒದ್ದೆ ಪಾಚಿಯಲ್ಲಿ ಸುತ್ತಿಕೊಂಡು ಬೇಗ ಲಂಡನ್ ಸೇರುತ್ತಿತ್ತು. ಮಧ್ಯಮ ವರ್ಗದ ಮನೆಗಳಲ್ಲಿ ಹುಚ್ಚು ಹತ್ತೋಕೆ ಇಷ್ಟು ಸಾಕಾಗಿತ್ತು.

ಒಂದೇ ಒಂದು ತೊಂದರೆ ಇತ್ತು, ನೀರು. ಸಮುದ್ರದಿಂದ ದೂರ ಇರೋರು ಏನು ಮಾಡಬೇಕು? ಹಡಗಿನವರಿಗೆ ಚಿಲ್ಲರೆ ಕೊಟ್ಟು ಥೇಮ್ಸ್ ನದಿಯ ಬಾಯಿ ದಾಟಿದ ಮೇಲೆ ಪೀಪಾಯಿ ತುಂಬಿಸಿ ತರಿಸಬಹುದಿತ್ತು. ಅದರಲ್ಲೂ ಪೀಪಾಯಿಯ ಬಿರಡೆ ಓಕ್ ಮರದ್ದಾದರೆ ಟ್ಯಾನಿನ್ ಇಳಿದು ನೀರು ಕೆಡುತ್ತಿತ್ತು. ಗಾಸ್ ಬೇರೆ ದಾರಿ ಹಿಡಿದ. ಬ್ರೈಟನ್ ಬಳಿಯ ಸಮುದ್ರದ ನೀರಿನಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಒಬ್ಬ ರಸಾಯನಶಾಸ್ತ್ರಜ್ಞ ಮೊದಲೇ ಲೆಕ್ಕ ಹಾಕಿಟ್ಟಿದ್ದ. ಆ ಪಟ್ಟಿಯಲ್ಲಿ ತೀರಾ ಕಡಿಮೆ ಇದ್ದದ್ದನ್ನು ಗಾಸ್ ಹೊಡೆದುಹಾಕಿದ. ಉಳಿದದ್ದು ನಾಲ್ಕೇ. ಅಡುಗೆ ಉಪ್ಪು ಮೂರೂವರೆ ಔನ್ಸ್, ಎಪ್ಸಮ್ ಸಾಲ್ಟ್ ಕಾಲು ಔನ್ಸ್, ಮೆಗ್ನೀಸಿಯಂ ಕ್ಲೋರೈಡ್ 200 ಗ್ರೇನ್, ಪೊಟ್ಯಾಸಿಯಂ ಕ್ಲೋರೈಡ್ 40 ಗ್ರೇನ್. ನಾಲ್ಕು ಕ್ವಾರ್ಟಿಗೆ ಸ್ವಲ್ಪ ಕಡಿಮೆ ನೀರು. ನಮ್ಮ ಲೆಕ್ಕದಲ್ಲಿ ಸುಮಾರು 99 ಗ್ರಾಂ, 7 ಗ್ರಾಂ, 13 ಗ್ರಾಂ, 2.6 ಗ್ರಾಂ, ನಾಲ್ಕೂವರೆ ಲೀಟರಿಗೂ ಸ್ವಲ್ಪ ಕಡಿಮೆ ನೀರಿಗೆ. ಸೋಸಿ, ಪಾಚಿ ಕೂತ ಕಲ್ಲುಗಳನ್ನು ಇಟ್ಟು, ಕೆಲವು ದಿನ ಬಿಟ್ಟು, ಆಮೇಲೆ ಪ್ರಾಣಿಗಳನ್ನು ಬಿಟ್ಟ. ಬದುಕಿದವು! 1854ರಲ್ಲಿ ಈ ರೆಸಿಪಿಯನ್ನು ಪ್ರಕಟಿಸಿಬಿಟ್ಟ. ಇವತ್ತು ಅಂಗಡಿಯಲ್ಲಿ ಸಿಗೋ ಸಮುದ್ರದ ಉಪ್ಪಿನ ಬಕೆಟ್ಟುಗಳು ಇದೇ ಯೋಚನೆಯ ಮಕ್ಕಳು, ಗಾಸ್ ಬಿಟ್ಟಿದ್ದ ಕ್ಯಾಲ್ಸಿಯಂ ಇತ್ಯಾದಿಗಳೂ ಅದರಲ್ಲಿ ಸೇರಿವೆ ಅನ್ನೋದು ಬಿಟ್ಟರೆ. ಕ್ಯಾಲ್ಸಿಯಂ ಇಲ್ಲದೆ ಹವಳ, ಚಿಪ್ಪು ಬೆಳೆಯೋದಿಲ್ಲ.

ಈ ಕೆಲವು ದಿನ ಕಾಯೋ ವಿಷಯದಲ್ಲೇ ಒಂದು ಗುಟ್ಟಿದೆ. ನೀರು ಸ್ವಚ್ಛ ಮಾಡೋದು ಪಾಚಿ ಅಂತ ಗಾಸ್ ನಂಬಿದ್ದ. ಅದು ಅರ್ಧ ನಿಜ. ಪ್ರಾಣಿಗಳ ಹೇಸಿಗೆಯಿಂದ ಅಮೋನಿಯಾ ಬರುತ್ತೆ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು ಇರೋದರಿಂದ ಅದರ ವಿಷದ ರೂಪ ಇಲ್ಲಿ ಸಾಮಾನ್ಯ ಸಿಹಿನೀರಿಗಿಂತ ಹೆಚ್ಚು ಪಾಲು ಇರುತ್ತೆ. ಆ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡೋದು ಎರಡು ಗುಂಪಿನ ಬ್ಯಾಕ್ಟೀರಿಯಾ. ಅವು ಕಲ್ಲು, ಮರಳಿನ ಮೇಲೆ ಕೂತು ಬೆಳೆಯುತ್ತವೆ, ಬೆಳೆಯೋಕೆ ವಾರಗಟ್ಟಲೆ ಹಿಡಿಯುತ್ತೆ. ಈಗಿನ ಫಿಲ್ಟರುಗಳಲ್ಲಿ ಸ್ಪಂಜು, ಸೆರಾಮಿಕ್ ತುಂಡು ತುಂಬೋದು ಕಸ ಹಿಡಿಯೋಕೆ ಮಾತ್ರ ಅಲ್ಲ, ಇವುಗಳಿಗೆ ಮನೆ ಕಟ್ಟಿಕೊಡೋಕೆ. ಗಾಸ್ ಪಾಚಿಗೋಸ್ಕರ ಒಡೆದು ತಂದ ಕಲ್ಲಿನ ಚಕ್ಕೆಯೇ ಅವನ ಫಿಲ್ಟರ್ ಆಗಿತ್ತು, ಅವನಿಗೆ ಗೊತ್ತಿಲ್ಲದೆ! ವಿನೋಗ್ರಾಡ್‌ಸ್ಕಿ ಅನ್ನೋ ರಷ್ಯನ್ ವಿಜ್ಞಾನಿ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರಲ್ಲಿ, ಗಾಸ್ ತೀರಿಕೊಂಡ ಎರಡು ವರ್ಷಕ್ಕೆ.

1856ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. ಕಡಲತೀರದಲ್ಲಿ ಜನರನ್ನು ಕರೆದುಕೊಂಡು ಹೋಗಿ ಪಾಠ ಮಾಡುತ್ತಿದ್ದ. ಅದೇ ವರ್ಷ ಎಮಿಲಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ತುಂಬಾ ನೋವಿನ ಚಿಕಿತ್ಸೆ ನಡೆಯಿತು, ಉಪಯೋಗವಾಗಲಿಲ್ಲ. 1857ರ ಫೆಬ್ರವರಿಯಲ್ಲಿ ಅವಳು ಹೋದಳು. ಎಡ್ಮಂಡ್‌ಗೆ ಏಳು ವರ್ಷ.

ಆ ವರ್ಷವೇ ಗಾಸ್ ‘ಓಂಫಲೋಸ್’ ಬರೆದ; ಹೆಸರಿನ ಅರ್ಥ ಹೊಕ್ಕುಳು. ಭೂಮಿ ಕೋಟ್ಯಂತರ ವರ್ಷ ಹಳೆಯದು ಅಂತ ಪಳೆಯುಳಿಕೆಗಳು ಹೇಳುತ್ತಿದ್ದವು, ಬೈಬಲ್ ಹಾಗೆ ಹೇಳುತ್ತಿರಲಿಲ್ಲ. ಎರಡನ್ನೂ ಉಳಿಸಿಕೊಳ್ಳೋಕೆ ಅವನು ಹೂಡಿದ ವಾದ ಇದು: ದೇವರು ಸೃಷ್ಟಿ ಮಾಡಿದಾಗಲೇ ಜಗತ್ತಿಗೆ ಹಿಂದಿನ ಕಾಲದ ಗುರುತುಗಳನ್ನೂ ಸೇರಿಸಿದ. ಹೆತ್ತ ತಾಯಿ ಇಲ್ಲದ ಆಡಮ್‌ಗೆ ಹೊಕ್ಕುಳು, ಮೊದಲ ದಿನದ ಮರಕ್ಕೆ ವರ್ಷದ ಬಳೆಗಳು, ಬಂಡೆಯೊಳಗೆ ಎಂದೂ ಬದುಕಿರದ ಪ್ರಾಣಿಗಳ ಮೂಳೆ. ವಿಜ್ಞಾನಿಗಳು ನಕ್ಕರು. ಪಾದ್ರಿಯೂ ಅವನ ಗೆಳೆಯನೂ ಆಗಿದ್ದ ಚಾರ್ಲ್ಸ್ ಕಿಂಗ್‌ಸ್ಲಿ ಕೂಡ ಒಪ್ಪಲಿಲ್ಲ. ದೇವರೇ ಬಂಡೆಗಳ ಮೇಲೆ ಸುಳ್ಳು ಬರೆದಿಟ್ಟ ಅಂತ ನಂಬೋದು ಅವನಿಂದ ಆಗಲಿಲ್ಲ. ಪುಸ್ತಕ ಬಿದ್ದುಹೋಯಿತು. ನನಗೆ ಇದರಲ್ಲಿ ವಿಚಿತ್ರ ಅನ್ನಿಸೋದು ಒಂದೇ. ಹೊಸ ಟ್ಯಾಂಕಿಗೆ ಹಳೆಯದರ ಗುಣ ಒಂದೇ ದಿನದಲ್ಲಿ ಬರೋದಿಲ್ಲ, ಪಾಚಿ ಹಾಕಿ ಕಾಯಲೇಬೇಕು ಅಂತ ಜಗತ್ತಿಗೆಲ್ಲ ಹೇಳಿಕೊಟ್ಟವನೇ ಈ ಮನುಷ್ಯ.

ಅವನು ಮಗನ ಜೊತೆ ಟಾರ್ಕೀ ಪಕ್ಕದ ಸೇಂಟ್ ಮೇರಿಚರ್ಚ್‌ಗೆ ಬಂದು ನೆಲೆಸಿದ. ಅಲ್ಲಿ ಬ್ರಿಟನ್ನಿನ ಸೀ ಅನಿಮೋನಿ ಮತ್ತು ಹವಳಗಳ ಮೇಲೆ ದೊಡ್ಡ ಪುಸ್ತಕ ಮಾಡಿದ, 1860ರಲ್ಲಿ ಮುಗಿಯಿತು. ಅದೇ ವರ್ಷ ಎಲೈಜಾ ಬ್ರೈಟ್ವೆನ್ ಜೊತೆ ಎರಡನೇ ಮದುವೆ. ಡಾರ್ವಿನ್ ಜೊತೆ ಪತ್ರ ವ್ಯವಹಾರ ಇತ್ತು, ವಿಕಾಸವಾದವನ್ನು ಮಾತ್ರ ಒಪ್ಪಲೇ ಇಲ್ಲ. ಆಮೇಲೆ ಆರ್ಕಿಡ್, ನಕ್ಷತ್ರ, ರೋಟಿಫರ್ ಅನ್ನೋ ಸೂಕ್ಷ್ಮಜೀವಿಗಳು.

ಅಷ್ಟರಲ್ಲಿ ಅಕ್ವೇರಿಯಂ ಅವನ ಕೈ ಮೀರಿ ಬೆಳೆದಿತ್ತು. ವಿಲಿಯಂ ಆಲ್ಫರ್ಡ್ ಲಾಯ್ಡ್ ಅನ್ನೋನು ಲಂಡನ್ನಿನಲ್ಲಿ ಜೀವಿಗಳನ್ನೂ ಸಮುದ್ರದ ನೀರನ್ನೂ ಮಾರೋ ಅಂಗಡಿ ಇಟ್ಟ. ಮುಂದೆ ಅವನೇ ಹ್ಯಾಂಬರ್ಗ್‌ನಲ್ಲಿ, 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಅಕ್ವೇರಿಯಂಗಳ ನೀರಿನ ವ್ಯವಸ್ಥೆ ಮಾಡಿದ: ನೆಲದ ಕೆಳಗೆ ಕತ್ತಲೆಯಲ್ಲಿ ಒಂದು ಭಾರೀ ತೊಟ್ಟಿ, ಮೇಲೆ ಜನ ನೋಡೋ ಟ್ಯಾಂಕುಗಳು, ಹಗಲೂ ರಾತ್ರಿ ಪಂಪ್ ಓಡಿಸಿ ನೀರನ್ನು ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಸುತ್ತಿಸೋದು. ಕತ್ತಲಾದ್ದರಿಂದ ಹಸಿರು ಕಟ್ಟೋದಿಲ್ಲ, ನೆಲದಡಿ ಆದ್ದರಿಂದ ನೀರು ತಂಪು. ಮೊದಲು ಹೇಳಿದ ಸಂಪ್ ಇದೇ.

ಆದರೆ ಮನೆಮನೆಯ ಜಾಡಿಗಳಲ್ಲಿ ಹೆಚ್ಚಿನವು ನಾರಿದವು. ಒಂದು ಸತ್ತರೆ ಇನ್ನೊಂದು ತರೋಣ ಅಂತ ಜನ ಮತ್ತೆ ತೀರಕ್ಕೆ ಹೋದರು. ಗಾಸ್ ಪುಸ್ತಕ ಓದಿದವರು ಅದರಲ್ಲಿದ್ದ ಹೊಂಡಗಳನ್ನೇ ಹುಡುಕಿಕೊಂಡು ಬಂದರು, ಕೈಯಲ್ಲಿ ಅವನು ಹೇಳಿದ್ದೇ ಉಳಿ, ಸುತ್ತಿಗೆ. ಸಾವಿರಾರು ವರ್ಷ ಯಾರೂ ಮುಟ್ಟದಿದ್ದ ಬಂಡೆಗಳನ್ನು ಕೆಲವೇ ವರ್ಷಗಳಲ್ಲಿ ಕೆತ್ತಿ ಬೋಳು ಮಾಡಿದರು. 1860ರ ದಶಕದಲ್ಲಿ ಹುಚ್ಚು ಇಳಿಯುವ ಹೊತ್ತಿಗೆ ತುಂಬಾ ತಡವಾಗಿತ್ತು. ಹವಳ, ಕಡಲ ಕುದುರೆಗಳನ್ನು ಹಿಡಿಯೋದು, ಮಾರೋದು ನಮ್ಮ ದೇಶದಲ್ಲಿ ಇವತ್ತು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆಗಿನ ಇಂಗ್ಲೆಂಡಿನ ಈ ತೀರಗಳಿಗೆ ಅಂಥ ಕಾವಲು ಇರಲಿಲ್ಲ.

ಒಂದು ಚಳಿಯ ರಾತ್ರಿ ತೆರೆದ ಕಿಟಕಿಯ ಬಳಿ ದೂರದರ್ಶಕ ಹಿಡಿದು ಕೂತದ್ದರಿಂದ ಎದೆಗೆ ಶೀತ ಹಿಡಿದು ಗಾಸ್ ಹಾಸಿಗೆ ಹಿಡಿದ. 1888ರ ಆಗಸ್ಟ್ 23ರಂದು ತೀರಿಕೊಂಡ. ಮಗ ಎಡ್ಮಂಡ್ ಅಷ್ಟು ಹೊತ್ತಿಗೆ ಅಪ್ಪನ ನಂಬಿಕೆಯಿಂದ ಪೂರ್ತಿ ದೂರ ಹೋಗಿ ಹೆಸರಾಂತ ಸಾಹಿತಿ ಆಗಿದ್ದ. 1907ರಲ್ಲಿ ಅವನು ಬರೆದ ‘ಫಾದರ್ ಅಂಡ್ ಸನ್’ ಆ ಮನೆಯ ಕಟ್ಟುನಿಟ್ಟನ್ನೆಲ್ಲ ಬಿಚ್ಚಿಡೋ ಪುಸ್ತಕ, ಕೆಲವು ಕಡೆ ಅಪ್ಪನ ಮೇಲೆ ಸ್ವಲ್ಪ ಕಟುವಾಗಿಯೂ ಇದೆ. ಆದರೆ ಹೊಂಡಗಳ ಮಾತು ಬಂದಾಗ ಮಗನ ದನಿ ಬದಲಾಗುತ್ತೆ. ತಾನು ಚಿಕ್ಕವನಿದ್ದಾಗ ಕಂಡ ಆ ನೀರಿನ ತೋಟಗಳು ಈಗ ಇಲ್ಲ, ಸಂಗ್ರಹ ಮಾಡೋರ ದಂಡು ಬಂದು ಅವನ್ನು ಸೂರೆ ಮಾಡಿತು, ಇನ್ನು ಮುಂದೆ ಯಾರೂ ಅವನ್ನು ಹಾಗೆ ನೋಡಲಾರರು ಅಂತ ಬರೆಯುತ್ತಾನೆ. ಎದೆಮಟ್ಟದ ನೀರಿನಲ್ಲಿ ಇಳಿದು ನಿಂತು ಬಂಡೆಯ ಅಂಚಿನ ಕೆಳಗೆ ಕೈ ಹಾಕಿ ಹುಡುಕುತ್ತಿದ್ದ ಅಪ್ಪ, ತನ್ನ ಪುಸ್ತಕಗಳಿಂದಲೇ ಹೀಗಾಯಿತು ಅನ್ನೋದನ್ನು ಬದುಕಿದ್ದಾಗಲೇ ಕಂಡು ತುಂಬಾ ನೊಂದುಕೊಂಡ ಅಂತಲೂ ಬರೆದಿದ್ದಾನೆ.